ಕಹಿನೆಂಟರು

ನನ್ನ ಹೆಂಡತಿ ಅಂಬುಜಳ ಕಹಿ ಚಾಪೆ ನೇಯುವ ಮರಿಸಿದ್ದಪ್ಪನ ಬಾಯಿಗೆ ಹೋಗುತ್ತದೆ ಎಂದು ಗೊತ್ತಾದ ದಿನ ನಾನು ಊಟ ಬಿಟ್ಟೆ. ಬಿಟ್ಟದ್ದು ಸಿಟ್ಟಿಗೋ ಸಂಕಟಕ್ಕೋ ನನಗೇ ಸರಿಯಾಗಿ ತಿಳಿಯಲಿಲ್ಲ. ಅಂಬುಜ ಚಳಿಜ್ವರ ಇಳಿದು ಆಗತಾನೇ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. "ಯಾರವನು?" ಎಂದು ಕೇಳಿದೆ. "ನನ್ನನ್ನ ಕೇಳ್ತೀರಲ್ಲ! ನಾನು ಆ ಮನುಷ್ಯನ ಮುಖ ಕೂಡ ನೋಡಿಲ್ಲ," ಎಂದಳು. "ಮುಖ ನೋಡದೆ ಕಹಿ ಹೋಗುತ್ತೇನು?" ಎಂದೆ. ಅವಳು ಲೋಟ ಕೆಳಗಿಟ್ಟು, "ನಿಮ್ಮ ಮುಖ ಮದುವೆಯಾದಾಗಿಂದ ನೋಡ್ತಾನೇ ಇದೀನಿ. ನಿಮ್ಮ ಬಾಯಿಗೆ ಬಂತಾ?" ಎಂದಳು. ಬಂದಿರಲಿಲ್ಲ. ನನಗೆ ಹೊಟ್ಟೆಯುರಿದದ್ದು ಅದಕ್ಕೇ.

ನಮ್ಮೂರಲ್ಲಿ ಚಳಿಜ್ವರದ ಔಷಧಿ ನುಂಗಿದವರಿಗೆ ಅದರ ಕಹಿ ಗೊತ್ತಾಗುವುದಿಲ್ಲ. ಅದೇ ಗಳಿಗೆಯಲ್ಲಿ ಆ ಕಹಿ ಊರಿನ ಇನ್ಯಾರದೋ ಬಾಯಿಗೆ ಬರುತ್ತದೆ. ಹಾಗಲಕಾಯಿ ತಿಂದರೆ ಅವರವರ ಕಹಿ ಅವರವರಿಗೇ. ಜ್ವರದ ಔಷಧಿಯದು ಮಾತ್ರ ಹೀಗೆ. ಮೊದಲ ಸಲ ಯಾರ ಬಾಯಿಗೆ ಹೋಯಿತೋ ಆಮೇಲೂ ಅವರಿಗೇ ಹೋಗುತ್ತದೆ. ಅಂಥವರನ್ನು ಕಹಿನೆಂಟರು ಎನ್ನುತ್ತೇವೆ. ಊರಿನ ಮೂರು ಕಡೆ ಜೊಂಡು ಬೆಳೆದ ಕೆರೆ, ಮನೆಗೊಂದು ಚಾಪೆಯ ಮಗ್ಗ, ಮೈಗೆಲ್ಲ ಸೊಳ್ಳೆ. ಹಾಗಾಗಿ ಜ್ವರ ಒಂದಲ್ಲ ಒಂದು ಮನೆಯಲ್ಲಿ ಇದ್ದೇ ಇರುತ್ತದೆ, ಕಹಿಯೂ ಒಂದಲ್ಲ ಒಂದು ಬಾಯಲ್ಲಿ ಇದ್ದೇ ಇರುತ್ತದೆ. ಗಂಡಸರು ಜೇಬಿನಲ್ಲಿ, ಹೆಂಗಸರು ಸೊಂಟದ ಗಂಟಿನಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಾರೆ. ಮದುವೆ ಮನೆಯ ಅಡಿಗೆಯವರು ಸಾರಿನ ರುಚಿಯನ್ನು ತಮ್ಮ ನಾಲಿಗೆಯೊಂದನ್ನೇ ನಂಬಿ ಹೇಳುವುದಿಲ್ಲ, ಪಕ್ಕದವರ ಕೈಗೂ ಒಂದು ಚಮಚ ಹಾಕುತ್ತಾರೆ. ಸಂಗೀತ ಹೇಳಿಕೊಡುವವರು ಹಾಡಿನ ನಡುವೆ ಮುಖ ಹುಳ್ಳಗೆ ಮಾಡಿ ನಿಂತರೆ ಮಕ್ಕಳು ನಗುವುದಿಲ್ಲ. ಕಹಿ ಬಂದಾಗ ಉಗಿಯಬಾರದು. "ಯಾರಿಗಪ್ಪಾ ಜ್ವರ, ಬೇಗ ಬಿಡಲಿ" ಎನ್ನಬೇಕು. ಹಾಗೆಂದು ಆಸ್ಪತ್ರೆಗೆ ಹೋಗಿ ಜಗಲಿಯ ಗಂಟೆ ಬಾರಿಸಬೇಕು.

ಆ ಗಂಟೆಯಿಂದಲೇ ಆಸ್ಪತ್ರೆ ನಡೆಯುವುದು. ಡಾಕ್ಟರ್ ಚಂದ್ರಮತಿ ಒಬ್ಬರಿಗೆ ಔಷಧಿ ಕೊಟ್ಟು ಕಾಯುತ್ತಾರೆ. ಗಂಟೆ ಆದರೆ ಔಷಧಿ ಹೊಟ್ಟೆಗೆ ಹೋಯಿತು ಎಂದು ಅರ್ಥ. ಆಮೇಲೆಯೇ ಪಕ್ಕದ ಮಂಚಕ್ಕೆ ಹೋಗುತ್ತಾರೆ. ಗಂಟೆ ಆಗದಿದ್ದರೆ ರೋಗಿ ಮಾತ್ರೆ ಬಚ್ಚಿಟ್ಟಿದ್ದಾರೆ ಎಂದು ಅರ್ಥ, ಇನ್ನೊಂದು ಕೊಡುತ್ತಾರೆ. ಬಚ್ಚಿಡುವವರು ನಮ್ಮೂರಲ್ಲಿ ಬಹಳ. ತಮ್ಮ ಕಹಿನೆಂಟರು ಇವತ್ತು ನೆಮ್ಮದಿಯಾಗಿ ಊಟ ಮಾಡಲಿ ಎಂದು ಮಾತ್ರೆಯನ್ನು ದವಡೆಯಲ್ಲಿಟ್ಟು, ಸೆರಗಿಗೆ ಕಟ್ಟಿ, ಕಿಟಕಿಯಾಚೆ ಎಸೆದು, "ನುಂಗಿದೆ, ದೇವರಾಣೆ" ಎನ್ನುತ್ತಾರೆ. ಆದ್ದರಿಂದ ರೋಗಿಗಳ ಮಾತನ್ನು ಯಾರೂ ನಂಬುವುದಿಲ್ಲ. ನಂಬುವುದು ಗಂಟೆಯನ್ನು.

ಯುಗಾದಿಯ ದಿನ ಕಹಿನೆಂಟರ ಮನೆಗೆ ಬೆಲ್ಲದ ಅಚ್ಚು ಕಳಿಸುವುದು ಪದ್ಧತಿ. ಬೇವು ಹಾಕದ ಬರೀ ಬೆಲ್ಲ. ನಾನು ಹೊರುವುದು ಸುಂಕದಕಟ್ಟೆಯ ಕಾವಲುಗಾರ ಬಸಲಿಂಗನ ಕಹಿ. ಸೈಕಲ್ಲಿಗೆ ದೀಪವಿಲ್ಲ ಎಂದು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ ಮಹಾನುಭಾವ. ಅವನಿಗೂ ನನಗೂ ಮಾತಿಲ್ಲ, ಆದರೆ ಬೆಲ್ಲ ಮಾತ್ರ ತಪ್ಪದೆ ಬರುತ್ತದೆ. ಅವನ ಕಹಿ ನನಗೇಕೆ, ಅಂಬುಜಳದು ಮರಿಸಿದ್ದಪ್ಪನಿಗೇಕೆ? ಊರಿನಲ್ಲಿ ಇದಕ್ಕೆ ಒಬ್ಬೊಬ್ಬರದು ಒಂದೊಂದು ವಿವರಣೆ. ಜಾತಕ ಎನ್ನುವವರು ಇದ್ದಾರೆ, ಹಿಂದಿನ ಜನ್ಮದ ಋಣ ಎನ್ನುವವರು ಇದ್ದಾರೆ. ನಾನು ವಿಜ್ಞಾನ ಓದಿದವನು, ನನ್ನ ಹತ್ತಿರ ಒಂದು ವಿವರಣೆಯೂ ಇಲ್ಲ.

ಓದಿದ್ದಷ್ಟೇ ಅಲ್ಲ, ಈ ಔಷಧಿ ತಯಾರಿಸುವುದೇ ನನ್ನ ಕೆಲಸ. ಹೆಸರು ಶೇಷಾಚಲ, ಕೆರೆ ಏರಿಯ ಪಕ್ಕದ ಪ್ರಯೋಗಶಾಲೆಯಲ್ಲಿ ರಸಾಯನಶಾಸ್ತ್ರಜ್ಞ. ಅಜ್ಜನ ಕಾಲದಲ್ಲಿ ಚಳಿಜ್ವರಕ್ಕೆ ಸಿಂಕೋನಾ ಮರದ ತೊಗಟೆಯ ಕಷಾಯವೊಂದೇ ಇತ್ತು. ಆ ತೊಗಟೆಯ ಸತ್ವ ಕ್ವಿನೈನ್. ಅದರೊಳಗೆ ಎರಡು ಬಳೆಗಳನ್ನು ಪಕ್ಕಪಕ್ಕಕ್ಕೆ ಅಂಟಿಸಿದಂಥ ಒಂದು ಆಕಾರವಿದೆ, ಕ್ವಿನೋಲಿನ್ ಎಂದು ಹೆಸರು. ಮರವಿಲ್ಲದೆಯೂ ಆ ಜೋಡಿಬಳೆಯನ್ನು ಸೀಸೆಯಲ್ಲಿ ಕಟ್ಟಬಹುದು, ಅದಕ್ಕೆ ಬೇರೆ ಬೇರೆ ಬಾಲ ತಗುಲಿಸಬಹುದು ಎಂದು ನನಗಿಂತ ಹಿಂದಿನವರು ಕಂಡುಕೊಂಡರು. ಹಾಗೆ ಬಂದದ್ದು ಬಿಳಿ ಮಾತ್ರೆ. ಜ್ವರದ ಕ್ರಿಮಿ ನಮ್ಮ ರಕ್ತವನ್ನೇ ತಿಂದು ಬದುಕುತ್ತದೆ, ತಿಂದು ಮಿಕ್ಕ ವಿಷವನ್ನು ಹರಳುಗಟ್ಟಿಸಿ ಒಂದು ಮೂಲೆಗೆ ಒಟ್ಟಿಕೊಳ್ಳುತ್ತದೆ. ಬಿಳಿ ಮಾತ್ರೆ ಆ ಹರಳು ಕಟ್ಟಲು ಬಿಡುತ್ತಿರಲಿಲ್ಲ. ಕ್ರಿಮಿ ತನ್ನ ಎಂಜಲಿನ ವಿಷಕ್ಕೆ ತಾನೇ ಸಾಯುತ್ತಿತ್ತು. ಊರವರು ಬಿಳಿ ಮಾತ್ರೆಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದೂ ಉಂಟು.

ಆಮೇಲೆ ಜ್ವರ ಕಲಿತುಬಿಟ್ಟಿತು. ಮಾತ್ರೆಯನ್ನು ಒಳಗೆ ಬಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ತಳ್ಳುವುದನ್ನು ಕ್ರಿಮಿ ಕಲಿಯಿತು. ಹೇಗೆ ಕಲಿಯಿತು ಎಂದರೆ ನಾವೇ ಕಲಿಸಿದೆವು. ಅರ್ಧ ನುಂಗಿ ಅರ್ಧ ಬಚ್ಚಿಟ್ಟ ಊರು ನಮ್ಮದು. ಸಾಯದೆ ಉಳಿದ ಕ್ರಿಮಿಗಳು ಬುದ್ಧಿ ಕಲಿತವು. ನಾನು ವರ್ಷಗಟ್ಟಲೆ ಕೂತು ಜೋಡಿಬಳೆಗೆ ಆ ಹಿತ್ತಲ ಬಾಗಿಲಲ್ಲಿ ತೂರದಷ್ಟು ದಪ್ಪ ಬಾಲ ಕಟ್ಟುತ್ತಿದ್ದೆ. ಒಂದು ಬಾಲ ಕಟ್ಟಿದರೆ ಔಷಧಿ ನೀರಲ್ಲಿ ಕರಗುತ್ತಿರಲಿಲ್ಲ. ಇನ್ನೊಂದಕ್ಕೆ ಬಾತುಕೋಳಿಗಳು ಕುರುಡಾಗುತ್ತಿದ್ದವು. ಮೊದಲು ಜ್ವರ ಬಂದ ಬಾತುಕೋಳಿಗಳಿಗೆ ಕೊಟ್ಟು ನೋಡುವುದು ನಮ್ಮ ಕ್ರಮ. ಔಷಧಿಯನ್ನು ನಾವು ನಾಲಿಗೆಗೆ ಮುಟ್ಟಿಸುವಂತಿಲ್ಲ. ಜ್ವರವಿಲ್ಲದೆ ನುಂಗಿ ಯಾರಿಗೋ ಸುಮ್ಮನೆ ಕಹಿ ಕೊಡುವುದಕ್ಕಿಂತ ಹೀನ ಕೆಲಸ ನಮ್ಮೂರಲ್ಲಿ ಇಲ್ಲ. ಬಾತುಕೋಳಿಗಳ ಕಹಿ ಯಾವ ಬಾತುಕೋಳಿಗೆ ಹೋಗುತ್ತದೋ. ಅವು ದಿನವಿಡೀ ತಲೆ ಕೊಡವುತ್ತಲೇ ಇರುತ್ತವೆ, ಏನೂ ಗೊತ್ತಾಗುವುದಿಲ್ಲ.

ನನಗೆ ಹುಟ್ಟಿದಾಗಿನಿಂದ ಚಳಿಜ್ವರ ಬಂದಿರಲಿಲ್ಲ. "ನಿಮ್ಮ ರಕ್ತ ಕುಡಿದ್ರೆ ಸೊಳ್ಳೆಗೇ ಜ್ವರ ಬರುತ್ತೆ, ಅದಕ್ಕೇ ಹತ್ರ ಬರಲ್ಲ," ಎಂದು ಅಂಬುಜ ನಗುತ್ತಿದ್ದಳು. ನನ್ನ ಕಹಿನೆಂಟರು ಯಾರೆಂದು ಆದ್ದರಿಂದ ಗೊತ್ತಿರಲಿಲ್ಲ. ಜ್ವರ ಬರಲಿ ಎಂದು ಕೆಲವು ಸಲ ಆಸೆಯಾಗುತ್ತಿತ್ತು. ಬಂದು, ಔಷಧಿ ನುಂಗಿ, ಯಾರೂ ಗಂಟೆ ಬಾರಿಸದಿದ್ದರೆ ಏನು ಗತಿ ಎಂದು ಭಯವೂ ಆಗುತ್ತಿತ್ತು. ಈ ಭಯವನ್ನು ಅಂಬುಜಳಿಗೂ ಹೇಳಿರಲಿಲ್ಲ.

ಮರಿಸಿದ್ದಪ್ಪನ ಹೆಸರು ತಿಳಿದ ಮೇಲಿನ ಮೊದಲ ಯುಗಾದಿಗೆ ಅವನ ಮನೆಗೆ ಬೆಲ್ಲ ಕೊಟ್ಟು ಬರಲು ಅಂಬುಜ ನನ್ನನ್ನೇ ಅಟ್ಟಿದಳು. ಹೋಗುವಾಗ ದಾರಿಯುದ್ದಕ್ಕೂ ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಜಗಳ ಕಟ್ಟಿಕೊಂಡು ಹೋದೆ. ಬಾಗಿಲು ತೆರೆದವನು ನನಗಿಂತ ಹಿರಿಯ, ಬೆರಳುಗಳೆಲ್ಲ ಜೊಂಡಿನ ಬಣ್ಣ, ಎದುರಿನ ಎರಡು ಹಲ್ಲು ಇಲ್ಲ. "ಬನ್ನಿ ಸ್ವಾಮಿ, ಅಮ್ಮಾವ್ರು ಹೆಂಗವ್ರೆ?" ಎಂದು ಹೊಸ ಚಾಪೆ ಬಿಡಿಸಿ ಹಾಕಿದ. ನಾನು ಗತ್ತಿನಿಂದ, "ಕಹಿ ಬಹಳ ಆಯಿತೋ?" ಎಂದೆ. "ಅಮ್ಮಾವ್ರ ಕಹಿ ಮರ್ಯಾದಸ್ಥ ಕಹಿ ಸ್ವಾಮಿ. ಬತ್ತದೆ, ಒಂದು ಗಳಿಗೆ ಕೂರ್ತದೆ, ಹೊಂಟೋಯ್ತದೆ. ನಮ್ಮ ಭಾವಮೈದುನ ಹೊರೋ ಕಹಿ ನೋಡ್ಬೇಕು, ಮೂರು ದಿನ ಅಲ್ಲಾಡಲ್ಲ," ಎಂದ. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಬರುವಾಗ ಒಂದು ಚಾಪೆ ಸುತ್ತಿ ಕೊಟ್ಟ. ಅದರ ಮೇಲೆ ನಾನು ಬಹಳ ದಿನ ಕೂರಲಿಲ್ಲ; ಅಂಬುಜ ಕೂತಳು.

ಕಳೆದ ವರ್ಷ ಅಂಬುಜಳಿಗೆ ಮತ್ತೆ ಚಳಿಜ್ವರ ಬಂತು. ಬಿಳಿ ಮಾತ್ರೆಗೆ ಜ್ವರ ಒಂದಿಷ್ಟು ಬಗ್ಗಿತು. ಇನ್ನೊಂದೇ ಮಾತ್ರೆ ಬಾಕಿ ಇದ್ದಾಗ, ಮರಿಸಿದ್ದಪ್ಪನ ಮಗಳ ಮದುವೆ ಅವತ್ತೇ ಎಂದು ನಾನು ಬಾಯಿತಪ್ಪಿ ಹೇಳಿದೆ. ಆ ಮಾತ್ರೆಯನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡು ಮಲಗಿದಳು. ಗಂಟೆ ಆಗಲಿಲ್ಲ. ಡಾಕ್ಟರು ಇನ್ನೊಂದು ಕೊಟ್ಟರು, ಅದನ್ನೂ ಕಟ್ಟಿಕೊಂಡಳು. "ಮಗಳ ಮದುವೆ ಪಾಯಸ ರೀ. ಕಹಿ ಬಾಯಲ್ಲಿ ಉಣ್ಣಬೇಕಾ ಅವರು?" ಎಂದು ಆಮೇಲೆ ನನ್ನನ್ನೇ ದಬಾಯಿಸಿದಳು. ಜ್ವರ ಹದಿನೈದು ದಿನಕ್ಕೆ ಹಿಂದಿರುಗಿತು. ಈ ಸಲ ಬಿಳಿ ಮಾತ್ರೆಯನ್ನು ಅದು ಗಂಜಿಯ ಲೆಕ್ಕದಲ್ಲೂ ಇಡಲಿಲ್ಲ. ತೊಗಟೆಯ ಕಷಾಯ ಕೊಟ್ಟರೆ ವಾಂತಿಯಾಗುತ್ತಿತ್ತು. ಅಂಬುಜ ಹಳದಿಯಾದಳು, ಕಣ್ಣು ಒಳಗೆ ಹೋಯಿತು, ಬಳೆಗಳು ಮೊಣಕೈವರೆಗೂ ಜಾರತೊಡಗಿದವು. ಡಾಕ್ಟರ್ ಚಂದ್ರಮತಿ ನನ್ನನ್ನು ಜಗಲಿಗೆ ಕರೆದು, "ಇನ್ನೊಂದು ಸಲ ಚಳಿ ಏರಿದ್ರೆ ತಡೆಯಲ್ಲ ಶೇಷಾಚಲ," ಎಂದರು.

ನನ್ನ ದಪ್ಪ ಬಾಲದ ಔಷಧಿ ಆಗ ತಯಾರಿತ್ತು. ಬಾತುಕೋಳಿಗಳು ಅದನ್ನು ತಿಂದು ಬದುಕಿದ್ದವು, ಮೊಟ್ಟೆಯನ್ನೂ ಇಟ್ಟಿದ್ದವು. ಮನುಷ್ಯರು ಯಾರೂ ತಿಂದಿರಲಿಲ್ಲ. ಒಂದು ಮಾತ್ರೆ ತೆಗೆದುಕೊಂಡರೆ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುವಂತೆ ಕಟ್ಟಿದ್ದೆ. ಇಡೀ ಚಿಕಿತ್ಸೆ ಒಂದೇ ಮಾತ್ರೆಯಲ್ಲಿ. ಒಂದನ್ನು ಬಚ್ಚಿಟ್ಟು ಒಂದನ್ನು ನುಂಗುವ ಊರಿಗೆ ಅದೇ ಸರಿ ಎಂದು ನನ್ನ ಯೋಚನೆ. ಅಂಬುಜಳಿಗೆ ಎಲ್ಲವನ್ನೂ ಹೇಳಿದೆ, ಯಾರೂ ತಿಂದಿಲ್ಲ ಎಂಬುದನ್ನೂ ಹೇಳಿದೆ. "ನೀವು ಮಾಡಿದ್ದಲ್ವಾ, ಕೊಡಿ," ಎಂದಳು. ಆಮೇಲೆ, "ಪಾಪ, ಮರಿಸಿದ್ದಪ್ಪನೋರಿಗೆ ಮೊದಲೇ ಹೇಳಿಬಿಡಿ, ಹೊಸಾ ಕಹಿ ಬರ್ತಿದೆ ಅಂತ," ಎಂದು ಸೇರಿಸಿದಳು. ಸಾಯುವ ಸ್ಥಿತಿಯಲ್ಲೂ ಅವನ ಬಾಯಿಯ ಚಿಂತೆ. ನನಗೆ ಮೈ ಉರಿಯಿತು, ಆದರೂ ಹೋಗಿ ಹೇಳಿ ಬಂದೆ.

ಬೆಳಿಗ್ಗೆ ಡಾಕ್ಟರು ಆ ಮಾತ್ರೆ ಕೊಟ್ಟರು. ಅಂಬುಜ ನೀರು ಕುಡಿದು ತಲೆ ಮೇಲೆತ್ತಿದಳು. ಗಂಟಲು ಅಲುಗಿದ್ದು ನಾನೇ ಕಂಡೆ. ಕಾದೆವು. ಗಂಟೆ ಆಗಲಿಲ್ಲ. ಪಕ್ಕದ ಮಂಚದವರು ತಮ್ಮ ಸರದಿಗೆ ಕಾದು ಕಾದು ಕೆಮ್ಮತೊಡಗಿದರು. "ಬಾಯಿ ತೆಗೀರಿ," ಎಂದರು ಡಾಕ್ಟರು. ಬಾಯಲ್ಲಿ ಏನೂ ಇರಲಿಲ್ಲ. ಸೆರಗು ಬಿಚ್ಚಿ ನೋಡಿದೆ, ದಿಂಬು ಕೊಡವಿ ನೋಡಿದೆ, ಕಿಟಕಿಯಾಚೆ ಬಗ್ಗಿ ನೋಡಿದೆ. "ನುಂಗಿದೀನಿ ರೀ, ನಿಮ್ಮಾಣೆ," ಎಂದಳು. "ಪಾಯಸದ ದಿನವೂ ನನ್ನಾಣೆಯೇ ಇಟ್ಟಿದ್ದೆ," ಎಂದೆ. ಡಾಕ್ಟರು ಎರಡನೇ ಮಾತ್ರೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. "ಕೊಡಲಾ?" ಎಂದರು. "ಕೊಡಿ," ಎಂದೆ.

ಎರಡನೆಯದನ್ನು ನಾನೇ ಅವಳ ಗಲ್ಲ ಹಿಡಿದು ನುಂಗಿಸಿದೆ. ಗಂಟೆ ಆಗಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಕಣ್ಣೆದುರಿಗೆ ನುಂಗಿದ್ದನ್ನು ನಂಬಲೋ, ಆಗದ ಗಂಟೆಯನ್ನು ನಂಬಲೋ? ಹುಟ್ಟಿದಾಗಿನಿಂದ ಗಂಟೆಯನ್ನು ನಂಬಿ ಬೆಳೆದವನು, ಕಣ್ಣೇ ಏನೋ ತಪ್ಪಿರಬೇಕು ಎಂದುಕೊಂಡೆ. ಅವಳು ಬಟ್ಟಲಿಗೆ ವಾಂತಿ ಮಾಡಿರಬೇಕು, ನಾನು ನೀರಿಗೆ ತಿರುಗಿದಾಗ ಬೆರಳು ಹಾಕಿ ತೆಗೆದಿರಬೇಕು. ಮಾತ್ರೆಗೆ ಕಹಿಯೇ ಇಲ್ಲದಿರಬಹುದು ಎಂದು ಮಾತ್ರ ಹೊಳೆಯಲಿಲ್ಲ. ತೊಗಟೆ ಕಹಿ, ಬಿಳಿ ಮಾತ್ರೆ ಕಹಿ, ಜೋಡಿಬಳೆ ಇದ್ದ ಮೇಲೆ ಕಹಿ ಇದ್ದೇ ಇರಬೇಕು. ಕಹಿಯಿಲ್ಲದ ಜ್ವರದ ಔಷಧಿ ನಮ್ಮೂರಿನವರ ತಲೆಗೆ ಹೋಗುವ ವಿಷಯವೇ ಅಲ್ಲ. ಸ್ವಲ್ಪ ಹೊತ್ತಿಗೆ ಅಂಬುಜ ಕತ್ತು ವಾಲಿಸಿ, "ಅಗೋ, ಗಂಟೆ ಆಗ್ತಿದೆ," ಎಂದಳು. ಎಲ್ಲರೂ ಕಿವಿಗೊಟ್ಟೆವು. ಜಗಲಿ ನಿಶ್ಶಬ್ದವಾಗಿತ್ತು. "ಕೇಳಿಸ್ತಿಲ್ವಾ? ಎಷ್ಟು ಜೋರಾಗಿ ಬಾರಿಸ್ತಿದಾರೆ!" ಎಂದಳು. "ನೋಡಿ ಡಾಕ್ಟ್ರೇ, ಮೂರನೇದು ತಪ್ಪಿಸಿಕೊಳ್ಳೋಕೆ ಇಲ್ಲದ ಗಂಟೆ ಕೇಳ್ತಿದಾಳೆ," ಎಂದು ನಾನು ಕೂಗಾಡಿದೆ. ಡಾಕ್ಟರು ಒಮ್ಮೆ ಹಿಂಜರಿದರು. ಆಮೇಲೆ ಮೂರನೆಯದನ್ನೂ ಕೊಟ್ಟರು.

ನಾಲ್ಕನೆಯದನ್ನು ಪುಡಿಮಾಡಿ ಚಮಚಕ್ಕೆ ಹಾಕಿದ್ದಾಗ ಮರಿಸಿದ್ದಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಹೆಗಲ ಮೇಲೆ ಟವಲು, ಕೈಯಲ್ಲಿ ಬೆಲ್ಲದ ಚೂರು. ಅವನು ಒಳಗೆ ಬಂದದ್ದು ಅದೇ ಮೊದಲು. ಕಹಿನೆಂಟರು ಜಗಲಿ ದಾಟುವ ವಾಡಿಕೆಯಿಲ್ಲ. "ತಪ್ಪು ತಿಳೀಬ್ಯಾಡಿ ಸ್ವಾಮಿ," ಎಂದ. "ಬೆಳಗಿಂದ ಗಂಟೆ ಕೆಳಗೇ ಕುಂತಿವ್ನಿ. ಹೊಸಾ ಕಹಿ ಅಂದ್ರಲ್ಲ, ಓಡ್ಬರೋದು ತಡ ಆಗಬಾರ್ದು ಅಂತ. ನನ್ನ ಬಾಯಿಗೆ ಏನೂ ಬರ್ಲೇ ಇಲ್ಲ. ಅಮ್ಮಾವ್ರಿಗೆ ಏನಾರಾ ಆಯ್ತೋ ಅಂತ ಜೀವ ತಡೀಲಿಲ್ಲ." ಅಂಬುಜ ಕಣ್ಣು ಮುಚ್ಚಿಕೊಂಡೇ, "ನೀವೇ ಅಲ್ವಾ ಬಾರಿಸ್ತಿರೋದು? ನಿಲ್ಲಿಸಿ, ಕಿವಿ ನೋಯ್ತಿದೆ," ಎಂದಳು. ಮರಿಸಿದ್ದಪ್ಪ ಬೆಚ್ಚಿದ. "ಯಾರೂ ಗಂಟೆ ಮುಟ್ಟಿಲ್ಲ ತಾಯಿ. ನಾನು ಅದರ ಕೆಳಗೇ ಇದ್ದೆ," ಎಂದ.

ಆಗ ನನಗೆ ತಿಳಿಯಿತು. ಕ್ವಿನೈನ್ ಹೆಚ್ಚಾದವರಿಗೆ ಕಿವಿಯಲ್ಲಿ ಶಬ್ದವಾಗುತ್ತದೆ, ಜೋಡಿಬಳೆಯ ಔಷಧಿಗಳಿಗೆಲ್ಲ ಆ ಗುಣ ಸ್ವಲ್ಪವಾದರೂ ಉಂಟು. ಪ್ರಯೋಗಶಾಲೆಗೆ ಹೊಸದಾಗಿ ಸೇರುವವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಅದು. ಕಹಿ ಬೇರೆಯವರಿಗೆ ಹೋಗಬಹುದು, ಕಿವಿಯ ಶಬ್ದ ನುಂಗಿದವರಿಗೇ. ಅವಳು ಮೂರನ್ನೂ ನುಂಗಿದ್ದಳು. ಒಂದು ಸಾಕಾಗುವ ಕಡೆ ಮೂರು. ನಾನು ಡಾಕ್ಟರ ಕೈಯಿಂದ ಚಮಚ ಕಿತ್ತು ಎಸೆದೆ. "ಕಹಿ ಇಲ್ಲ ಡಾಕ್ಟ್ರೇ, ಇದಕ್ಕೆ ಕಹಿಯೇ ಇಲ್ಲ," ಎಂದೆ. ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಮರಿಸಿದ್ದಪ್ಪ, "ಕಹಿ ಇಲ್ದೆ ಮದ್ದು ಹೆಂಗಾಯ್ತದೆ ಸ್ವಾಮಿ?" ಎಂದ. ಉತ್ತರ ಹೇಳುವ ಹೊತ್ತಿಗೆ ಅಂಬುಜ ಮಾತು ನಿಲ್ಲಿಸಿದ್ದಳು.

ಡಾಕ್ಟರು ಕೊಳವೆ ಹಾಕಿ ಅವಳ ಹೊಟ್ಟೆ ತೊಳೆದರು. ನಾಡಿ ಹಿಡಿದು ಕೂತರು. ಅದು ನಡೆದು, ತಡವರಿಸಿ, ಮತ್ತೆ ನಡೆಯುತ್ತಿತ್ತು. "ರಕ್ತಕ್ಕೆ ಸೇರಿದ್ದು ಸೇರಿಹೋಯ್ತು. ಇನ್ನು ಅವರ ಹೃದಯ ತಡೆದ್ರೆ ಉಳೀತಾರೆ," ಎಂದರು. ಅವಳ ಹಣೆ ಮುಟ್ಟಿದೆ. ಜ್ವರ ಇಳಿಯುತ್ತಿತ್ತು. ನನ್ನ ಔಷಧಿ ಕೆಲಸ ಮಾಡುತ್ತಿತ್ತು. ಇಷ್ಟು ವರ್ಷ ಕಾದಿದ್ದ ಸುದ್ದಿ ಅದು. ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗದೆ ನಿಂತಿದ್ದೆ. ಅಂಬುಜ ಎಂದು ಕರೆದೆ. ಅವಳು ನಿಜ ಹೇಳಿದಾಗ ನಂಬದವನು ನಾನು, ಈಗ ಕೂಗಿದರೆ ಯಾಕಾದರೂ ತಿರುಗುತ್ತಾಳೆ ಎಂದು ಅಳು ಬಂತು, ಅತ್ತೆ. ಮರಿಸಿದ್ದಪ್ಪ ಅವಳ ಕಾಲ ಬಳಿ ನೆಲದ ಮೇಲೆ ಕೂತು, ಬರದ ಕಹಿಗೆ ಕಾಯುವವನಂತೆ ನಾಲಿಗೆಯನ್ನು ಬಾಯೊಳಗೆ ಆಡಿಸುತ್ತಿದ್ದ. ಅವನ ಮೇಲಿನ ಹಳೆಯ ಸಿಟ್ಟು ಹುಡುಕಿದೆ, ಸಿಗಲಿಲ್ಲ.

ಮಧ್ಯಾಹ್ನ ನನಗೆ ಚಳಿಯಾಯಿತು. ಮೊದಲು ಭಯಕ್ಕೆ ನಡುಗುತ್ತಿದ್ದೇನೆ ಎಂದುಕೊಂಡೆ. ಹಲ್ಲು ಕಟಕಟ ಎನ್ನತೊಡಗಿದಾಗ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಬೆರಳಿಗೆ ಸೂಜಿ ಚುಚ್ಚಿ ರಕ್ತದ ಹನಿಯನ್ನು ಗಾಜಿಗೆ ಸವರಿಕೊಂಡು ಒಳಗೆ ಹೋದರು. ಬಂದು, "ಕೊನೆಗೂ ಸೊಳ್ಳೆಗೆ ನಿಮ್ಮ ಮೇಲೆ ಮನಸ್ಸಾಯ್ತು," ಎಂದರು. ಪಕ್ಕದ ಮಂಚದಲ್ಲೇ ನನ್ನನ್ನು ಮಲಗಿಸಿ ಮೂರು ಕಂಬಳಿ ಹೊದಿಸಿದರು. ನನ್ನ ಹೊಸ ಮಾತ್ರೆ ಕೊಡಲು ಅವರಿಗೆ ಧೈರ್ಯವಿರಲಿಲ್ಲ, ಕೇಳಲು ನನಗೂ ಇರಲಿಲ್ಲ. ಬಿಳಿ ಮಾತ್ರೆ ದಂಡ. ಹಳೆಯ ತೊಗಟೆಯ ಕಷಾಯವನ್ನೇ ತಂದರು. ಅದನ್ನು ಹೊರದಬ್ಬುವ ವಿದ್ಯೆ ಜ್ವರಕ್ಕೆ ಇನ್ನೂ ಪೂರ್ತಿ ಬಂದಿಲ್ಲ. "ನನ್ನದಕ್ಕೆ ಯಾರೂ ಬರಲ್ಲ ಡಾಕ್ಟ್ರೇ, ಗಂಟೆಗೆ ಕಾಯಬೇಡಿ," ಎಂದೆ. ಅಷ್ಟು ವರ್ಷದ ಭಯ ಚಳಿಯಲ್ಲಿ ತಾನಾಗಿಯೇ ಬಾಯಿಗೆ ಬಂದುಬಿಟ್ಟಿತು. "ಬಾಯಿ ತೆಗೀರಿ," ಎಂದರು ಅವರು.

ಕಷಾಯ ಬಾಯಿಗೆ ಬಂತು. ಊರಿನಲ್ಲಿ ಅದರಷ್ಟು ಕಹಿಯಾದದ್ದು ಬೇರೆ ಇಲ್ಲ ಎನ್ನುತ್ತಾರೆ. ಬಸಲಿಂಗನ ದೆಸೆಯಿಂದ ನಾನೂ ಬಲ್ಲೆ. ನನಗೆ ಬಿಸಿನೀರು ಕುಡಿದಷ್ಟೇ ಅನ್ನಿಸಿತು. ನುಂಗಿದೆ. ಮರಿಸಿದ್ದಪ್ಪ ಗಾಬರಿಯಿಂದ, "ಸ್ವಾಮಿ, ಅಮ್ಮಾವ್ರ ಮುಖ!" ಎಂದ. ನಾನು ತಿರುಗುವಷ್ಟರಲ್ಲಿ ಅವಳ ಮುಖ ಮೊದಲಿನಂತೆಯೇ ಇತ್ತು. "ನೋವಿಗೆ ಹಾಗೆ ಮಾಡಿರ್ತಾರೆ," ಎಂದರು ಡಾಕ್ಟರು. ಆದರೂ ಚಮಚ ತುಂಬಿಸುವಾಗ ಅವರ ಕೈ ನಿಧಾನವಾಯಿತು. ಎರಡನೇ ಚಮಚ ನುಂಗಿದೆ, ಕಣ್ಣನ್ನು ಅವಳ ಮೇಲಿಂದ ತೆಗೆಯಲಿಲ್ಲ. ಅಂಬುಜಳ ಹುಬ್ಬು ಗಂಟಿಕ್ಕಿತು. ಮೂಗು ಸುಕ್ಕಾಯಿತು. ತುಟಿ ಒಂದು ಕಡೆಗೆ ಓರೆಯಾಗಿ ನಾಲಿಗೆಯ ತುದಿ ಹೊರಗೆ ಬಂತು.

ಮರಿಸಿದ್ದಪ್ಪ ತನ್ನ ಕೈಯಲ್ಲಿದ್ದ ಬೆಲ್ಲದ ಚೂರನ್ನು ಅವಳ ತುಟಿಗೆ ಮುಟ್ಟಿಸಿದ. ಅವಳ ನಾಲಿಗೆ ಅದನ್ನು ಹುಡುಕಿಕೊಂಡಿತು. ಕಣ್ಣು ತೆರೆಯದೆ, ಒಣಗಿದ ದನಿಯಲ್ಲಿ, ಊರಿನವರೆಲ್ಲ ಹೇಳುವ ಮಾತನ್ನೇ ಅವಳೂ ಹೇಳಿದಳು. "ಯಾರಿಗಪ್ಪಾ ಜ್ವರ... ಬೇಗ ಬಿಡಲಿ."

"ನನಗೆ ಕಣೇ," ಎಂದೆ. ಅವಳದು ನನಗೆ ಬರುವುದಿಲ್ಲ, ನನ್ನದು ಅವಳಿಗೆ ಹೋಗುತ್ತದೆ. ಇದು ಯಾವ ನ್ಯಾಯ ಎಂದು ಈಗಲೂ ಕೂತು ಯೋಚಿಸುತ್ತೇನೆ, ತಲೆಬುಡ ಸಿಗುವುದಿಲ್ಲ. ಅವಳು ಕಣ್ಣನ್ನು ಅರ್ಧ ತೆರೆದು ನನ್ನ ಕಡೆ ನೋಡಿದಳು. "ನಿಮಗಾ? ಮತ್ತೆ ಅಷ್ಟು ಕಹಿ ಇರದೆ ಇನ್ನೇನು," ಎಂದಳು. ನಾನು ಕಂಬಳಿಯೊಳಗಿಂದ ಕೈ ಚಾಚಿದೆ, ಎರಡು ಮಂಚದ ನಡುವೆ ಅವಳ ಬೆರಳು ಸಿಕ್ಕಿತು.

ಡಾಕ್ಟರು ಮೂರನೇ ಚಮಚವನ್ನು ಹಿಡಿದುಕೊಂಡೇ ನಿಂತಿದ್ದರು. "ಗಂಟೆ ಆಗದೆ ನಾನು ಪಕ್ಕದ ಮಂಚಕ್ಕೆ ಹೋಗೋ ಹಾಗಿಲ್ಲ," ಎಂದರು. ನಿಯಮ ಹೇಳುವ ದನಿಯಲ್ಲೇ ಹೇಳಿದರು, ಆದರೆ ಅವರ ಕಣ್ಣು ತುಂಬಿತ್ತು. ಅಂಬುಜ ಏಳಲು ಕತ್ತೆತ್ತಿ, ಆಗದೆ ಮತ್ತೆ ದಿಂಬಿಗೆ ಒರಗಿದಳು. "ನೀವು ಮಲಗಿ ತಾಯಿ, ನಾನಿವ್ನಲ್ಲ," ಎಂದು ಮರಿಸಿದ್ದಪ್ಪ ಟವಲು ಕೊಡವಿ ಎದ್ದು ಜಗಲಿಗೆ ಹೋದ. ಅವನ ಬಾಯಲ್ಲಿ ಕಹಿ ಇರಲಿಲ್ಲ. ನಮ್ಮೂರಲ್ಲಿ ಕಹಿಯಿಲ್ಲದೆ ಆ ಗಂಟೆಯನ್ನು ಮುಟ್ಟಿದವನು ಅವನೊಬ್ಬನೇ ಇರಬೇಕು.

ಗಂಟೆ ಆಯಿತು. ಅವನು ಒಂದು ಸಲಕ್ಕೆ ನಿಲ್ಲಿಸಲಿಲ್ಲ, ಬಾರಿಸುತ್ತಲೇ ಇದ್ದ. ಪಕ್ಕದ ಮಂಚದವರೆಲ್ಲ ಎದ್ದು ಕೂತರು. ಅಂಬುಜ ನನ್ನ ಬೆರಳು ಅದುಮಿದಳು. "ರೀ, ಇದು ನಿಜವಾದ ಗಂಟೆನಾ, ನನ್ನ ಕಿವೀದಾ?" ಎಂದು ಕೇಳಿದಳು.

"ನಿಜವಾದದ್ದು," ಎಂದೆ. "ನನಗೂ ಕೇಳಿಸ್ತಿದೆ."